ಮೆಸೇಜ್ ಕಳಿಸುವ ಸಾಫ್ಟ್‌ವೇರ್ ಈಗ ಸುಮ್ಮನಿರುವುದನ್ನೂ ಕಲಿಯುತ್ತಿದೆ

ಮದುವೆ ಸೀಸನ್ ಶುರುವಾದರೆ ಸಾಕು, ದಾವಣಗೆರೆಯವರ ಫೋನಿಗೆ ಅಂಗಡಿಗಳ ಮೆಸೇಜ್ ಒಂದರ ಹಿಂದೆ ಒಂದು ಬರುತ್ತವೆ. ಸೀರೆ, ಬಂಗಾರ, ಪಾತ್ರೆ, ಛತ್ರ, ಫೋಟೊ ಆಲ್ಬಂ. ಮೊನ್ನೆ ತಾನೇ ಚೌಕಿಪೇಟೆಗೆ ಹೋಗಿ ಪೂರ್ತಿ ದುಡ್ಡು ಕೊಟ್ಟು ಸೀರೆ ತಂದವರಿಗೆ, ಅದೇ ಅಂಗಡಿಯಿಂದ ಇವತ್ತು "ಎಲ್ಲ ಸೀರೆಗಳ ಮೇಲೆ ಶೇ. 20 ರಿಯಾಯಿತಿ" ಅಂತ ಬರುತ್ತದೆ. ಓದಿದವರಿಗೆ ಹೊಟ್ಟೆ ಉರಿಯದೆ ಇರುತ್ತಾ? ಅಂಗಡಿಯವರು ಬೇಕಂತ ಮಾಡಿದ್ದಲ್ಲ. ಅವರ ಹತ್ತಿರ ಎಲ್ಲರ ನಂಬರ್ ಒಂದೇ ಪಟ್ಟಿಯಲ್ಲಿತ್ತು, ಪೂರ್ತಿ ಪಟ್ಟಿಗೆ ಒಂದೇ ಸಲ ಕಳಿಸಿದರು, ಅಷ್ಟೇ.

ಈ ಕೆಲಸಕ್ಕೆ ಬಳಸುವ ಮಾರ್ಕೆಟಿಂಗ್ ಆಟೊಮೇಷನ್ ಸಾಫ್ಟ್‌ವೇರ್‌ಗಳಲ್ಲಿ ಕಳೆದ ಎರಡು ಮೂರು ವರ್ಷದಲ್ಲಿ ತುಂಬಾ ಬದಲಾವಣೆ ಬಂದಿದೆ. ಮಾರುವ ಕಂಪನಿಗಳು ಜಾಸ್ತಿ ಹೇಳುವುದು ಎಐ ಬಗ್ಗೆ. ತಾನೇ ಬರೆಯುತ್ತದೆ, ತಾನೇ ಚಿತ್ರ ಮಾಡುತ್ತದೆ, ತಾನೇ ಗ್ರಾಹಕರ ಜೊತೆ ಮಾತಾಡುತ್ತದೆ. ಅದೂ ನಿಜ. ಆದರೆ ನನಗೆ ದೊಡ್ಡದಾಗಿ ಕಾಣುವ ಬದಲಾವಣೆ ಬೇರೆ. ಎಷ್ಟಾಗುತ್ತೋ ಅಷ್ಟು ಮೆಸೇಜ್ ಕಳಿಸುವುದಕ್ಕೆ ಅಂತ ಹುಟ್ಟಿದ ಈ ಸಾಫ್ಟ್‌ವೇರ್, ಈಗ ಯಾರಿಗೆ ಕಳಿಸಬಾರದು, ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಕಲಿಯುತ್ತಿದೆ. ಅದು ತಾನಾಗಿ ಬಂದ ಬುದ್ಧಿಯಲ್ಲ. ವಾಟ್ಸಾಪ್, ಗೂಗಲ್, ನಮ್ಮ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಮತ್ತು ಕೇಂದ್ರ ಸರ್ಕಾರದ ಹೊಸ ಕಾನೂನು ಎಲ್ಲ ಸೇರಿ ಕಲಿಸಿದ್ದು. ನಮ್ಮೂರಿನ ಮಧ್ಯಮ ಗಾತ್ರದ ವ್ಯಾಪಾರಕ್ಕೆ ಇದರಲ್ಲಿ ಯಾವುದು ಬೇಕು, ಯಾವುದು ಬೇಡ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಒಳಗೆ ಏನು ನಡೆಯುತ್ತದೆ

ಈ ಸಾಫ್ಟ್‌ವೇರ್‌ಗಳ ಕಥೆ ಶುರುವಾಗಿದ್ದು ಉತ್ತರ ಅಮೆರಿಕದ ಇಮೇಲ್ ಕಾಲದಲ್ಲಿ. ಎಲೊಕ್ವಾ ಅನ್ನುವ ಕಂಪನಿ 1999ರಲ್ಲಿ ಬಂತು. ಹಬ್‌ಸ್ಪಾಟ್, ಮಾರ್ಕೆಟೊ ಎರಡೂ 2006ರಲ್ಲಿ. ಆಗಿನ ಕೆಲಸ ಸರಳ. ವೆಬ್‌ಸೈಟಿಗೆ ಬಂದವರ ಇಮೇಲ್ ತೆಗೆದುಕೊಳ್ಳುವುದು, ಆಮೇಲೆ ವಾರಕ್ಕೊಂದು ಇಮೇಲ್ ತಾನಾಗಿ ಹೋಗುವ ಹಾಗೆ ಮಾಡುವುದು. ನಮ್ಮಲ್ಲಿ ಸೀರೆ ಕೊಳ್ಳುವವರು ಇಮೇಲ್ ನೋಡಿ ಅಂಗಡಿಗೆ ಬರುವುದಿಲ್ಲ. ಹಾಗಾಗಿ ಭಾರತದಲ್ಲಿ ಇದೇ ಯಂತ್ರ ಎಸ್‌ಎಂಎಸ್‌ಗೆ, ಆಮೇಲೆ ವಾಟ್ಸಾಪ್‌ಗೆ ಹೊಂದಿಕೊಂಡಿತು. ಚೆನ್ನೈನ ಜೋಹೋ, ಬೆಂಗಳೂರಿನಲ್ಲಿ ಶುರುವಾದ ಮೋಎಂಗೇಜ್, ಮುಂಬೈನ ಕ್ಲೆವರ್‌ಟ್ಯಾಪ್ ಎಲ್ಲ ಈ ಸಾಲಿನವೇ. ಸಣ್ಣ ಅಂಗಡಿಗಳಿಗಂತಲೇ ವಾಟ್ಸಾಪ್ ಒಂದನ್ನೇ ನೋಡಿಕೊಳ್ಳುವ ಅಗ್ಗದ ಸೇವೆಗಳೂ ಬೇಕಾದಷ್ಟಿವೆ.

ಹೆಸರು ಯಾವುದೇ ಇರಲಿ, ಒಳಗಿನ ಹೂರಣ ಒಂದೇ. ಇದನ್ನು ಭದ್ರಾ ನಾಲೆಯ ಹಾಗೆ ನೋಡಿ. ಮೇಲೆ ಡ್ಯಾಮಿನಲ್ಲಿ ನೀರಿದೆ, ಅದು ನಿಮ್ಮ ಗ್ರಾಹಕರ ಪಟ್ಟಿ. ನಾಲೆಯಲ್ಲಿ ಅಲ್ಲಲ್ಲಿ ತೂಬು ಇದೆ. ಯಾವ ತೂಬು ಯಾವಾಗ ತೆಗೆಯಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು, ಯಾವಾಗ ಮುಚ್ಚಬೇಕು ಅಂತ ಮೊದಲೇ ಬರೆದಿಟ್ಟರೆ, ಅದರಂತೆ ನೀರು ಹರಿಯುತ್ತದೆ. ತೂಬು ತೆಗೆಯುವುದಷ್ಟೇ ಬರೆದು ಮುಚ್ಚುವುದನ್ನು ಮರೆತರೆ ಗದ್ದೆಯಲ್ಲಿ ಪೈರು ಕೊಳೆಯುತ್ತದೆ. ನಮ್ಮ ಅಂಗಡಿಗಳ ಮೆಸೇಜುಗಳಲ್ಲಿ ಆಗುತ್ತಿರುವುದು ಇದೇ.

ಸಾಫ್ಟ್‌ವೇರ್‌ನವರು ಇದನ್ನು ಜರ್ನಿ ಅಂತಾರೆ, ಕೆಲವರು ವರ್ಕ್‌ಫ್ಲೋ ಅಂತಾರೆ. ಪರದೆ ಮೇಲೆ ಡಬ್ಬಿಗಳು, ಅವುಗಳ ಮಧ್ಯೆ ಗೆರೆಗಳು. ಒಂದು ಸೀರೆ ಅಂಗಡಿಯದನ್ನೇ ಹತ್ತಿರದಿಂದ ನೋಡೋಣ.

ಮೊದಲ ಡಬ್ಬಿ: ಬಿಲ್ಲಿನಲ್ಲಿ ರೇಷ್ಮೆ ಸೀರೆ ಇದ್ದರೆ ಈ ಗ್ರಾಹಕರು ಒಳಗೆ ಬರಲಿ. ಎರಡನೇ ಡಬ್ಬಿ: ಎರಡು ದಿನ ಕಾಯಿ. ಮೂರನೆಯದು: "ರವಿಕೆ ಹೊಲಿಸಬೇಕಾ? ನಮ್ಮಲ್ಲೇ ಟೈಲರ್ ಇದ್ದಾರೆ, ಅಳತೆ ಕೊಡುವುದಕ್ಕೆ ಯಾವಾಗ ಬರುತ್ತೀರಿ?" ಅಂತ ಮೆಸೇಜ್ ಕಳಿಸು. ನಾಲ್ಕನೇ ಡಬ್ಬಿಯಲ್ಲಿ ಗೆರೆ ಎರಡಾಗಿ ಒಡೆಯುತ್ತದೆ. ಉತ್ತರ ಕೊಟ್ಟರೆ ಕೌಂಟರಿನಲ್ಲಿರುವ ಹುಡುಗಿಯ ಫೋನಿಗೆ ತಿಳಿಸು. ಕೊಡದಿದ್ದರೆ ಐದು ದಿನ ಬಿಟ್ಟು ಇನ್ನೊಂದೇ ಒಂದು ಸಲ ಕೇಳು. ಅಲ್ಲಿಗೆ ಮುಗಿಯಿತು.

ಈಗ ಇದರಲ್ಲಿ ಇಲ್ಲದ ಡಬ್ಬಿ ಯಾವುದು ನೋಡಿ. ಆ ಗ್ರಾಹಕರು ಉತ್ತರ ಕೊಡದೆ ನೇರ ಅಂಗಡಿಗೇ ಬಂದು ರವಿಕೆ ಅಳತೆ ಕೊಟ್ಟು ಹೋದರೆ? ಸಾಫ್ಟ್‌ವೇರಿಗೆ ಅದು ಗೊತ್ತಾಗದಿದ್ದರೆ ಐದನೇ ದಿನ ಮತ್ತೆ "ರವಿಕೆ ಹೊಲಿಸಬೇಕಾ?" ಅಂತ ಕೇಳುತ್ತದೆ. ಗ್ರಾಹಕರ ಮನಸ್ಸಿನಲ್ಲಿ ಬರುವುದು "ಇವರಿಗೆ ನಾನು ಹೋಗಿಬಂದಿದ್ದೇ ನೆನಪಿಲ್ಲ" ಅಂತ. ಇದಕ್ಕೆ ಬೇಕಾಗಿದ್ದು ಹೊರಹೋಗುವ ಷರತ್ತು. ಈ ಹೆಸರಿನಲ್ಲಿ ಟೈಲರಿಂಗ್ ಬಿಲ್ ಆದ ತಕ್ಷಣ ಜರ್ನಿಯಿಂದ ಹೊರಗೆ ಹಾಕು, ಅದು ಎರಡನೇ ಡಬ್ಬಿಯಲ್ಲಿರಲಿ ನಾಲ್ಕನೆಯದರಲ್ಲಿರಲಿ. ಮೊದಲೆಲ್ಲ ಇದನ್ನು ಪ್ರತಿ ಡಬ್ಬಿಯ ಮುಂದೆಯೂ ಷರತ್ತು ಹಾಕಿ ಮಾಡಬೇಕಿತ್ತು. ಈಗಿನ ಸಾಫ್ಟ್‌ವೇರ್‌ಗಳಲ್ಲಿ ಪೂರ್ತಿ ಜರ್ನಿಗೆ ಒಂದೇ ಕಡೆ ಗುರಿ ಅಂತ ಕೊಟ್ಟರೆ ಸಾಕು. ಗುರಿ ಮುಟ್ಟಿದವರು ಎಲ್ಲಿದ್ದರೂ ಹೊರಗೆ ಬರುತ್ತಾರೆ. ಅದರ ಜೊತೆಗೆ ಎಲ್ಲ ಜರ್ನಿಗಳಿಗೂ ಸೇರಿ ಒಂದು ಮಿತಿ ಇಡಬಹುದು. ಒಬ್ಬರಿಗೆ ವಾರಕ್ಕೆ ಒಂದಕ್ಕಿಂತ ಜಾಸ್ತಿ ಬೇಡ ಅಂತ ಹಾಕಿದರೆ, ಹಬ್ಬದ ಜರ್ನಿ, ಹುಟ್ಟುಹಬ್ಬದ ಜರ್ನಿ, ರವಿಕೆ ಜರ್ನಿ ಮೂರೂ ಒಂದೇ ದಿನ ಒಬ್ಬರ ಮೇಲೆ ಬೀಳುವುದಿಲ್ಲ.

ಯಾವುದಾದರೂ ಒಂದೇ ಹೊಸ ಫೀಚರ್ ಕಲಿಯಿರಿ ಅಂದರೆ ನಾನು ಹೇಳುವುದು ಈ ಎರಡನ್ನು ಸೇರಿಸಿಯೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಹಾಗೆ ನಡೆದುಕೊಳ್ಳುತ್ತಿದ್ದ ಯಂತ್ರಕ್ಕೆ, ಎತ್ತೋ ಹಸುವೋ ಅಂತ ಒಂದು ಸಲ ನೋಡು ಅಂತ ಹೇಳಿಕೊಡುವ ಜಾಗ ಇದು.

ವಾಟ್ಸಾಪ್ ಕಡೆಯಿಂದ ಬಂದ ಬದಲಾವಣೆ

ಸಣ್ಣ ಅಂಗಡಿಯವರು ಬಳಸುವ ಹಸಿರು ವಾಟ್ಸಾಪ್ ಬಿಸಿನೆಸ್ ಆ್ಯಪ್ 2018ರಲ್ಲಿ ಬಂತು. ಅದರ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ. ಅದೂ ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ತಲುಪುತ್ತದೆ. ಅದಕ್ಕಿಂತ ಜಾಸ್ತಿ ಜನಕ್ಕೆ ಕಳಿಸಬೇಕು ಅಂದರೆ ಎಪಿಐ ಅನ್ನುವ ಇನ್ನೊಂದು ದಾರಿ, ಅಂದರೆ ಬೇರೆ ಸಾಫ್ಟ್‌ವೇರನ್ನು ನೇರ ವಾಟ್ಸಾಪ್‌ಗೆ ಜೋಡಿಸುವ ಕೊಂಡಿ. ಆಟೊಮೇಷನ್ ಸಾಫ್ಟ್‌ವೇರ್‌ಗಳೆಲ್ಲ ಇದೇ ದಾರಿಯಲ್ಲಿ ಹೋಗುತ್ತವೆ. 2022ರಲ್ಲಿ ವಾಟ್ಸಾಪ್‌ನ ಮಾಲೀಕ ಕಂಪನಿ ಮೆಟಾ ಇದನ್ನು ತನ್ನದೇ ಕ್ಲೌಡ್‌ನಲ್ಲಿ ಕೊಡುವುದಕ್ಕೆ ಶುರು ಮಾಡಿದ ಮೇಲೆ ಸಣ್ಣವರಿಗೂ ಕೈಗೆಟುಕಿತು.

ಆದರೆ ಅಲ್ಲೊಂದು ಮುಳ್ಳಿತ್ತು. ಎಪಿಐಗೆ ನಂಬರ್ ಕೊಟ್ಟರೆ ಅದೇ ನಂಬರ್ ಫೋನಿನ ಆ್ಯಪ್‌ನಲ್ಲಿ ನಡೆಯುತ್ತಿರಲಿಲ್ಲ. ಅಂಗಡಿ ಬೋರ್ಡಿನ ಮೇಲೆ, ಚೀಲದ ಮೇಲೆ, ಬಿಲ್ಲಿನ ಮೇಲೆ ಅಚ್ಚಾದ ನಂಬರ್ ಅದು. ಹತ್ತು ವರ್ಷದಿಂದ ಯಜಮಾನರ ಜೇಬಿನಲ್ಲಿರುವ ನಂಬರ್ ಅದು. ಅದನ್ನು ಆ್ಯಪ್‌ನಿಂದ ಕಿತ್ತು ಕಂಪ್ಯೂಟರಿಗೆ ಹಾಕು ಅಂದರೆ ಯಾರು ಒಪ್ಪುತ್ತಾರೆ? ಎಷ್ಟೋ ಅಂಗಡಿಗಳು ಇದೊಂದೇ ಕಾರಣಕ್ಕೆ ಹಿಂದೆ ಸರಿದವು, ಇಲ್ಲವೇ ಹೊಸ ನಂಬರ್ ತೆಗೆದುಕೊಂಡವು. ಹೊಸ ನಂಬರಿನಿಂದ ಬಂದ ಮೆಸೇಜನ್ನು ಗ್ರಾಹಕರು ಯಾರೋ ಏನೋ ಅಂತ ಬ್ಲಾಕ್ ಮಾಡಿದರು. ಈಚೆಗೆ ಮೆಟಾ ಒಂದೇ ನಂಬರನ್ನು ಆ್ಯಪ್‌ನಲ್ಲೂ ಎಪಿಐನಲ್ಲೂ ಒಟ್ಟಿಗೆ ಬಳಸುವುದಕ್ಕೆ ಬಿಟ್ಟಿದೆ. ಯಜಮಾನರು ಎಂದಿನ ಹಾಗೆ ಫೋನಿನಲ್ಲೇ ಉತ್ತರ ಕೊಡಬಹುದು, ಹಿಂದೆ ಸಾಫ್ಟ್‌ವೇರ್ ತನ್ನ ಕೆಲಸ ಮಾಡುತ್ತಿರುತ್ತದೆ. ಎರಡೂ ಕಡೆ ಅದೇ ಮಾತುಕತೆ ಕಾಣುತ್ತದೆ. ಆ್ಯಪ್‌ನ ಹಳೆಯ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಮಾತ್ರ ಆಮೇಲೆ ಕಳಿಸುವುದಕ್ಕಾಗುವುದಿಲ್ಲ. ದೊಡ್ಡ ಊರಿನ ಕಂಪನಿಗಳಿಗೆ ಇದು ಸಣ್ಣ ವಿಷಯ ಇರಬಹುದು. ನಮ್ಮ ಊರಿನ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಅಪ್‌ಡೇಟ್ ನಾನು ಕಂಡಿಲ್ಲ.

ಇನ್ನು ದುಡ್ಡಿನ ವಿಷಯ. ಮೊದಲು ವಾಟ್ಸಾಪ್ 24 ಗಂಟೆಯ ಒಂದು ಮಾತುಕತೆಗೆ ಇಷ್ಟು ಅಂತ ತೆಗೆದುಕೊಳ್ಳುತ್ತಿತ್ತು. 2025ರ ಜುಲೈ 1ರಿಂದ ತಲುಪಿದ ಪ್ರತಿ ಟೆಂಪ್ಲೇಟ್ ಮೆಸೇಜಿಗೆ ಇಷ್ಟು ಅಂತ ಆಯಿತು. ಟೆಂಪ್ಲೇಟ್ ಅಂದರೆ ಮೊದಲೇ ಬರೆದು ಮೆಟಾಗೆ ತೋರಿಸಿ ಒಪ್ಪಿಗೆ ತೆಗೆದುಕೊಂಡ ಒಕ್ಕಣೆ. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಆಫರ್, ಹೊಸ ಮಾಲು, ಹಬ್ಬದ ಶುಭಾಶಯ ಎಲ್ಲ ಮಾರ್ಕೆಟಿಂಗ್. ಬಿಲ್, ಡೆಲಿವರಿ, ರವಿಕೆ ರೆಡಿ ಆಗಿದೆ ಅನ್ನುವಂಥದ್ದು ಯುಟಿಲಿಟಿ. ಭಾರತದಲ್ಲಿ ಮಾರ್ಕೆಟಿಂಗ್ ಮೆಸೇಜಿಗೆ ಮೆಟಾ ತೆಗೆದುಕೊಳ್ಳುವುದು ಒಂದು ರೂಪಾಯಿಗಿಂತ ಸ್ವಲ್ಪ ಕಡಿಮೆ. ಯುಟಿಲಿಟಿಗೆ ಅದರ ಸಣ್ಣ ಪಾಲು ಮಾತ್ರ. ಇದರ ಮೇಲೆ ಜಿಎಸ್‌ಟಿ, ಮಧ್ಯದ ಸಾಫ್ಟ್‌ವೇರ್ ಕಂಪನಿಯ ಬಾಬ್ತು ಬೇರೆ.

ಗ್ರಾಹಕರೇ ಮೊದಲು ಮೆಸೇಜ್ ಮಾಡಿದರೆ ಲೆಕ್ಕ ಬದಲಾಗುತ್ತದೆ. ಅವರು ಕೊನೆಯ ಸಲ ಬರೆದ ಹೊತ್ತಿನಿಂದ 24 ಗಂಟೆ ನೀವು ಕೊಡುವ ಉತ್ತರಕ್ಕೆ ದುಡ್ಡಿಲ್ಲ. ಆ ಅವಧಿಯಲ್ಲಿ ಕಳಿಸುವ ಯುಟಿಲಿಟಿ ಟೆಂಪ್ಲೇಟಿಗೂ ಇಲ್ಲ. ಉದಾಹರಣೆಗೆ ನಿಮ್ಮ ಹತ್ತಿರ 8,000 ನಂಬರ್ ಇದೆ ಅಂತಿಟ್ಟುಕೊಳ್ಳಿ. ಎಲ್ಲರಿಗೂ ತಿಂಗಳಿಗೆ ನಾಲ್ಕು ಆಫರ್ ಕಳಿಸಿದರೆ 32,000 ಮೆಸೇಜ್, ಹತ್ತಿರ ಹತ್ತಿರ ಒಂದೊಂದು ರೂಪಾಯಿ. ಅದರ ಬದಲು ಬಿಲ್ ಕೌಂಟರಿನಲ್ಲಿ ಒಂದು ಕ್ಯೂಆರ್ ಕೋಡ್ ಇಟ್ಟು, "ನಿಮ್ಮ ಬಿಲ್ ವಾಟ್ಸಾಪ್‌ನಲ್ಲಿ ಬೇಕಾದರೆ ಇದನ್ನು ಸ್ಕ್ಯಾನ್ ಮಾಡಿ ಹಾಯ್ ಅಂತ ಕಳಿಸಿ" ಅಂದರೆ, ಗ್ರಾಹಕರೇ ಬಾಗಿಲು ತೆಗೆದ ಹಾಗಾಯಿತು. ಬಿಲ್ ಬಿಟ್ಟಿಯಾಗಿ ಹೋಗುತ್ತದೆ, ನಂಬರ್ ತಪ್ಪಿಲ್ಲದೆ ಸೇರುತ್ತದೆ. ಆಫರ್ ಕಳಿಸಬಹುದಾ ಅಂತ ಅಲ್ಲೇ ಒಂದು ಬಟನ್ ಕೊಟ್ಟು ಕೇಳಲೂಬಹುದು.

ಇಲ್ಲಿ ಒಂದು ಎಚ್ಚರಿಕೆ. "ನಿಮ್ಮ ರವಿಕೆ ರೆಡಿ ಆಗಿದೆ" ಅನ್ನುವುದರ ಕೆಳಗೆ "ಜೊತೆಗೆ ಹೊಸ ಸೀರೆಗಳ ಮೇಲೆ ಶೇ. 10 ರಿಯಾಯಿತಿ" ಅಂತ ಸೇರಿಸಿ ಯುಟಿಲಿಟಿ ದರದಲ್ಲಿ ಕಳಿಸೋಣ ಅಂತ ಹಲವರು ಯೋಚಿಸುತ್ತಾರೆ. ಮೆಟಾ ಅದನ್ನು ಮಾರ್ಕೆಟಿಂಗ್ ಅಂತಲೇ ಲೆಕ್ಕ ಹಿಡಿಯುತ್ತದೆ. ಒಪ್ಪಿಗೆ ಕೊಟ್ಟ ಮೇಲೂ ಬಗೆ ಬದಲಾಯಿಸುವ ಅಧಿಕಾರ ಅದಕ್ಕಿದೆ.

ಮತ್ತೊಂದು ವಿಷಯ ಅಂಗಡಿಯವರಿಗೆ ತಲೆಬಿಸಿ ಮಾಡುತ್ತಿದೆ. "ಸಾವಿರ ಜನಕ್ಕೆ ಕಳಿಸಿದೆ, ನೂರಾರು ಜನಕ್ಕೆ ಹೋಗಲೇ ಇಲ್ಲ, ನಂಬರ್ ಎಲ್ಲ ಸರಿಯಿದೆ" ಅಂತ ದೂರುತ್ತಾರೆ. ಕಾರಣ ಸಾಫ್ಟ್‌ವೇರ್ ಅಲ್ಲ. ಒಬ್ಬ ವ್ಯಕ್ತಿಗೆ ಎಲ್ಲ ಕಂಪನಿಗಳಿಂದ ಸೇರಿ ಎಷ್ಟು ಮಾರ್ಕೆಟಿಂಗ್ ಮೆಸೇಜ್ ಬರಬೇಕು ಅನ್ನುವುದಕ್ಕೆ ವಾಟ್ಸಾಪ್ ತಾನೇ ಒಂದು ಮಿತಿ ಇಟ್ಟಿದೆ. ಬೆಳಿಗ್ಗೆಯಿಂದ ಬೇರೆ ಅಂಗಡಿಗಳ ಆಫರ್ ಬಂದು ಮಿತಿ ತುಂಬಿದ್ದರೆ ನಿಮ್ಮದು ತಲುಪುವುದಿಲ್ಲ. ತಲುಪದ್ದಕ್ಕೆ ದುಡ್ಡೂ ಇಲ್ಲ. ಅದೇ ಗ್ರಾಹಕರ ಜೊತೆ ನಿಮ್ಮ ಮಾತುಕತೆ ಆಗಲೇ ನಡೆಯುತ್ತಿದ್ದರೆ ಈ ತಡೆ ಅಡ್ಡ ಬರುವುದಿಲ್ಲ. ಅಂದರೆ ಬರೇ ಕಳಿಸುವ ಅಂಗಡಿಗಿಂತ ಮಾತಾಡುವ ಅಂಗಡಿಗೆ ಲಾಭ ಜಾಸ್ತಿ. ಯಾವುದೇ ಕಾರಣಕ್ಕೆ ವಾಟ್ಸಾಪ್‌ನಲ್ಲಿ ತಲುಪದ ಮೆಸೇಜನ್ನು ತಕ್ಷಣ ಎಸ್‌ಎಂಎಸ್ ಆಗಿ ಕಳಿಸುವ ಫೀಚರ್ ಈಗ ಹಲವು ಸಾಫ್ಟ್‌ವೇರ್‌ಗಳಲ್ಲಿದೆ. ರವಿಕೆ ರೆಡಿ ಆಗಿದೆ ಅನ್ನುವುದಕ್ಕೆ ಅದನ್ನು ಆನ್ ಮಾಡಿ. ಆಫರ್‌ಗೆ ಮಾಡಬೇಡಿ. ಒಂದು ಬಾಗಿಲು ಮುಚ್ಚಿದ್ದಾರೆ ಅಂತ ಹಿತ್ತಲ ಬಾಗಿಲಿನಿಂದ ನುಗ್ಗಿದರೆ ಬ್ಲಾಕ್ ಆಗುವುದು ನಿಮ್ಮ ನಂಬರೇ. ಬ್ಲಾಕ್, ರಿಪೋರ್ಟ್ ಜಾಸ್ತಿಯಾದರೆ ವಾಟ್ಸಾಪ್ ನಿಮ್ಮ ನಂಬರಿನ ಗುಣಮಟ್ಟದ ದರ್ಜೆ ಇಳಿಸುತ್ತದೆ. ಆಮೇಲೆ ದಿನಕ್ಕೆ ಎಷ್ಟು ಜನಕ್ಕೆ ಕಳಿಸಬಹುದು ಅನ್ನುವುದು ಏರುವುದೇ ಇಲ್ಲ.

ಎಸ್‌ಎಂಎಸ್ ಮತ್ತು ಇಮೇಲ್

ಎಸ್‌ಎಂಎಸ್ ಕಳಿಸಬೇಕಾದರೆ ಟ್ರಾಯ್ ನಿಯಮದಂತೆ ಡಿಎಲ್‌ಟಿ ಅನ್ನುವ ಟೆಲಿಕಾಂ ಕಂಪನಿಗಳ ಆನ್‌ಲೈನ್ ವ್ಯವಸ್ಥೆಯಲ್ಲಿ ನೋಂದಣಿ ಬೇಕು. ವ್ಯಾಪಾರದ ಹೆಸರು, ಹೆಡರ್ (ಮೆಸೇಜಿನ ಮೇಲೆ ಕಳಿಸಿದವರ ಜಾಗದಲ್ಲಿ ಕಾಣುವ ಚಿಕ್ಕ ಹೆಸರು), ಒಕ್ಕಣೆ ಮೂರೂ ಮೊದಲೇ ನೋಂದಾಯಿಸಿರಬೇಕು. 2024ರ ಅಕ್ಟೋಬರ್‌ನಿಂದ ಮೆಸೇಜಿನ ಒಳಗಿನ ಲಿಂಕ್ ಕೂಡ ಮೊದಲೇ ಪಟ್ಟಿಯಲ್ಲಿಲ್ಲದಿದ್ದರೆ ಮೆಸೇಜ್ ಹೋಗುವುದಿಲ್ಲ. 2025ರ ತಿದ್ದುಪಡಿ ಆದ ಮೇಲೆ ಹೆಡರ್ ಕೊನೆಗೆ ಒಂದು ಅಕ್ಷರ ಬರುತ್ತಿದೆ, ನಿಮ್ಮ ಫೋನ್ ತೆಗೆದು ನೋಡಿ. ಪಿ ಇದ್ದರೆ ಜಾಹೀರಾತು, ಎಸ್ ಇದ್ದರೆ ಸೇವೆ, ಟಿ ಇದ್ದರೆ ವಹಿವಾಟು, ಜಿ ಇದ್ದರೆ ಸರ್ಕಾರದ್ದು. ಓದುವ ಮೊದಲೇ ಅದು ಆಫರೋ ಅಲ್ಲವೋ ಅಂತ ಗೊತ್ತಾಗುತ್ತದೆ. ನೋಂದಣಿ ಇಲ್ಲದೆ ಸ್ವಂತ ಸಿಮ್‌ನಿಂದ ಗುಂಪಾಗಿ ಕಳಿಸುವವರ ಮೇಲೆ ಈಗ 10 ದಿನದಲ್ಲಿ 5 ದೂರು ಬಂದರೂ ಕ್ರಮ ಆಗುತ್ತದೆ. ಮೊದಲು 7 ದಿನದಲ್ಲಿ 10 ದೂರು ಬೇಕಿತ್ತು.

ಕನ್ನಡದಲ್ಲಿ ಎಸ್‌ಎಂಎಸ್ ಬರೆಯುವವರಿಗೆ ಒಂದು ಲೆಕ್ಕ ಗೊತ್ತಿರಬೇಕು. ಇಂಗ್ಲಿಷ್ ಲಿಪಿಯಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸುತ್ತದೆ. ಕನ್ನಡ ಯೂನಿಕೋಡ್ ಅನ್ನುವ ಬೇರೆ ಸಂಕೇತದಲ್ಲಿ ಹೋಗುವುದರಿಂದ 70 ಮಾತ್ರ. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. 'ಸ್ತ್ರೀ' ಅನ್ನುವುದು ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯಂತ್ರಕ್ಕೆ ಆರು. 71 ಆದರೆ ಎರಡು ಮೆಸೇಜಿನ ದುಡ್ಡು. ಸಾಫ್ಟ್‌ವೇರಿನ ಬರೆಯುವ ಡಬ್ಬಿಯ ಮೂಲೆಯಲ್ಲಿ ಈ ಎಣಿಕೆ ಕಾಣುತ್ತದೆ, ಕಳಿಸುವ ಮೊದಲು ನೋಡಿಕೊಳ್ಳಿ. ದುಡ್ಡು ಜಾಸ್ತಿ ಅಂತ ಕನ್ನಡ ಬಿಡುವುದು ಬೇಡ. ಒಕ್ಕಣೆ ಚಿಕ್ಕದು ಮಾಡಿದರೆ ಆಯಿತು.

ಇಮೇಲ್ ಚಿಲ್ಲರೆ ಅಂಗಡಿಗೆ ಅಷ್ಟು ಬೇಕಾಗಿಲ್ಲ. ಹೊರ ರಾಜ್ಯದ ಡೀಲರ್‌ಗಳಿಗೆ ಮಾರುವ ರೈಸ್‌ಮಿಲ್, ಬಟ್ಟೆ ಕಾರ್ಖಾನೆ, ಕಾಲೇಜುಗಳಿಗೆ ಬೇಕು. ಜಿಮೇಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ನಿಯಮ ಬಿಗಿ ಮಾಡಿವೆ. ತುಂಬಾ ಇಮೇಲ್ ಕಳಿಸುವವರು (ಜಿಮೇಲ್ ಲೆಕ್ಕದಲ್ಲಿ ದಿನಕ್ಕೆ 5,000ದ ಹತ್ತಿರ ಅಥವಾ ಜಾಸ್ತಿ) ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಅನ್ನುವ ಮೂರು ಗುರುತಿನ ವ್ಯವಸ್ಥೆ ಹಾಕಿಸಿರಬೇಕು. ಒಂದೇ ಕ್ಲಿಕ್‌ನಲ್ಲಿ ಪಟ್ಟಿಯಿಂದ ಹೊರಬರುವ ದಾರಿ ಇರಬೇಕು. ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು, ಅಂದರೆ ಸಾವಿರಕ್ಕೆ ಮೂರು. ಆದರೆ ಇಮೇಲ್ ತೆರೆದವರ ಸಂಖ್ಯೆಯನ್ನು ನಂಬಬೇಡಿ. 2021ರಿಂದ ಐಫೋನಿನ ಮೇಲ್ ಆ್ಯಪ್ ಬಳಕೆದಾರರು ತೆರೆಯದಿದ್ದರೂ ಒಳಗಿನ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುತ್ತದೆ, ಸಾಫ್ಟ್‌ವೇರ್ ಅದನ್ನೂ ತೆರೆದರು ಅಂತಲೇ ಎಣಿಸುತ್ತದೆ.

ಎಐ ಎಲ್ಲಿ ಕೆಲಸಕ್ಕೆ ಬರುತ್ತದೆ

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಸಾಫ್ಟ್‌ವೇರ್‌ಗಳೆಲ್ಲ ಎಐ ಸೇರಿಸಿಕೊಂಡವು. ಹಬ್‌ಸ್ಪಾಟ್ 2024ರಲ್ಲಿ ಬ್ರೀಜ್ ಅನ್ನುವ ಎಐ ತಂದಿತು, ಸೇಲ್ಸ್‌ಫೋರ್ಸ್ ಏಜೆಂಟ್‌ಫೋರ್ಸ್ ತಂದಿತು. ಜೋಹೋದಲ್ಲಿ ಜಿಯಾ ಅದಕ್ಕೂ ಮುಂಚೆಯಿಂದ ಇತ್ತು, ಈಗ ಬರೆಯುವುದನ್ನೂ ಕಲಿತಿದೆ.

ಮೊದಲನೆಯದು ಬರವಣಿಗೆ. ಕನ್ನಡದಲ್ಲಿ ಬರೆದುಕೊಡು ಅಂದರೆ ಎಐ ಕೊಡುವುದು ಸಾಮಾನ್ಯವಾಗಿ ಹೀಗಿರುತ್ತದೆ: "ಪ್ರಿಯ ಗ್ರಾಹಕರೇ, ನಮ್ಮ ವಿಶಿಷ್ಟ ಸಂಗ್ರಹದೊಂದಿಗೆ ನಿಮ್ಮ ಸಂಭ್ರಮವನ್ನು ಇಮ್ಮಡಿಗೊಳಿಸಿ!" ತಪ್ಪಿಲ್ಲ, ಆದರೆ ಓದಿದವರಿಗೆ ಏನೂ ಅನ್ನಿಸುವುದಿಲ್ಲ. ಈಗ ಇದನ್ನು ನೋಡಿ: "ಅಕ್ಕಾ, ಹೋದ ಸಲ ಬಂದಾಗ ನೀವು ಕೇಳಿದ್ದ ಕಡುನೀಲಿ ಇಳಕಲ್ ಸೀರೆ ಇವತ್ತು ಬಂದಿದೆ. ಶನಿವಾರದವರೆಗೆ ನಿಮಗಂತ ತೆಗೆದಿಟ್ಟಿರುತ್ತೇವೆ." ಇದಕ್ಕೆ "ಹೌದಾ ಅಣ್ಣ, ನಾಳೆ ಸಂಜೆ ಬರುತ್ತೇನೆ" ಅಂತ ಉತ್ತರ ಬರುತ್ತದೆ. ಇದನ್ನು ಬರೆಯುವುದಕ್ಕೆ ಸಾಹಿತ್ಯ ಬೇಕಿಲ್ಲ. ಹೋದ ಸಲ ಅವರು ಏನು ಕೇಳಿದ್ದರು ಅಂತ ಕೌಂಟರಿನಲ್ಲಿದ್ದವರು ಬರೆದಿಟ್ಟಿರಬೇಕು, ಅಷ್ಟೇ. ಆ ಒಂದು ಸಾಲು ಎಲ್ಲೂ ಇಲ್ಲದಿದ್ದರೆ ಎಷ್ಟು ದುಬಾರಿ ಎಐ ಇದ್ದರೂ "ಪ್ರಿಯ ಗ್ರಾಹಕರೇ" ಬಿಟ್ಟು ಬೇರೆ ಬರೆಯಲಾರದು. ನನ್ನ ಸಲಹೆ ಇಷ್ಟು: ಒಕ್ಕಣೆ ನೀವೇ ಬರೆಯಿರಿ, ಬೇರೆ ಬೇರೆ ಅಳತೆಗೆ ಕತ್ತರಿಸುವುದು, ಕಾಗುಣಿತ ನೋಡುವುದು ಇಂಥದ್ದಕ್ಕೆ ಎಐ ಬಳಸಿ.

ಎರಡನೆಯದು ನನಗೆ ತುಂಬಾ ಇಷ್ಟ. ಪಟ್ಟಿಯಿಂದ ಬೇಕಾದವರನ್ನು ಆರಿಸುವುದಕ್ಕೆ ಮೊದಲು ಷರತ್ತುಗಳನ್ನು ಒಂದೊಂದಾಗಿ ಜೋಡಿಸಬೇಕಿತ್ತು. ಇದು ಮತ್ತು ಅದು, ಇಲ್ಲವೇ ಇದು ಅಲ್ಲ. ತಪ್ಪು ಮಾಡುವುದು ತುಂಬಾ ಸುಲಭ. ಈಗ "ಆರು ತಿಂಗಳಲ್ಲಿ ಎರಡು ಸಲ ಬಂದವರು, ಆದರೆ ಈ ತಿಂಗಳು ಏನೂ ಕೊಳ್ಳದವರು" ಅಂತ ಮಾತಿನಲ್ಲೇ ಬರೆದರೆ ಷರತ್ತುಗಳನ್ನು ಅದೇ ಜೋಡಿಸಿ ತೋರಿಸುತ್ತದೆ. ತೋರಿಸಿದ ಮೇಲೆ ನೀವು ಒಂದು ಸಲ ಓದಿ ಸರಿಯಿದೆಯಾ ನೋಡಬೇಕು. ಕಂಪ್ಯೂಟರ್ ಗೊತ್ತಿಲ್ಲದ ಅಂಗಡಿ ಹುಡುಗರಿಗೂ ಇದು ಬಾಗಿಲು ತೆರೆದಿದೆ.

ಮೂರನೆಯದು ಮುಂದೇನಾಗುತ್ತದೆ ಅಂತ ಊಹಿಸುವುದು. ಈ ಗ್ರಾಹಕರು ಮತ್ತೆ ಕೊಳ್ಳುವ ಸಾಧ್ಯತೆ ಎಷ್ಟು, ಯಾವ ಹೊತ್ತಿಗೆ ಕಳಿಸಿದರೆ ನೋಡುತ್ತಾರೆ ಅಂತ ಅಂಕ ಕೊಡುತ್ತದೆ. ಲಕ್ಷಾಂತರ ಜನ ದಿನವೂ ಬಳಸುವ ಆ್ಯಪ್‌ಗಳಿಗೆ ಇದು ಸರಿ. ಒಬ್ಬ ಗ್ರಾಹಕ ವರ್ಷಕ್ಕೆ ಒಂದೋ ಎರಡೋ ಸಲ ಬರುವ ಅಂಗಡಿಯಲ್ಲಿ ಕಲಿಯುವುದಕ್ಕೆ ಬೇಕಾದಷ್ಟು ಮಾಹಿತಿಯೇ ಇರುವುದಿಲ್ಲ. ಇದಕ್ಕಂತ ಮೇಲಿನ ಪ್ಲಾನ್ ತೆಗೆದುಕೊಳ್ಳಿ ಅಂದರೆ ಬೇಡ ಅನ್ನಿ.

ಅದರ ಬದಲು ಊರಿನವರಿಗೆ ಗೊತ್ತಿರುವ ವಿಷಯವನ್ನು ಸಾಫ್ಟ್‌ವೇರಿಗೆ ಹೇಳಿಕೊಡಬಹುದು. ಪಂಪ್‌ಸೆಟ್, ಸ್ಪ್ರೇಯರ್ ಮಾರುವ ಅಂಗಡಿ ಅಂತಿಟ್ಟುಕೊಳ್ಳಿ. ನಮ್ಮ ಜಿಲ್ಲೆಯಲ್ಲೇ ಚನ್ನಗಿರಿ ಕಡೆ ಅಡಿಕೆ, ಹರಿಹರದ ನಾಲೆ ಬಯಲಿನಲ್ಲಿ ಭತ್ತ, ಜಗಳೂರಿನಲ್ಲಿ ಮಳೆ ನಂಬಿದ ಮೆಕ್ಕೆಜೋಳ. ಮೂರು ಕಡೆಯವರ ಕೈಗೆ ದುಡ್ಡು ಬರುವ ತಿಂಗಳು ಬೇರೆ, ಬೇಕಾಗುವ ಸಾಮಾನು ಬೇರೆ. ಗ್ರಾಹಕರ ವಿವರದಲ್ಲಿ ಊರು, ಬೆಳೆ, ನೀರಿನ ಮೂಲ ಅಂತ ಮೂರು ಜಾಗ ಸೇರಿಸಿ. ಬಿಲ್ ಮಾಡುವಾಗ "ಯಾವ ಊರಣ್ಣ? ನಾಲೆ ನೀರಾ, ಬೋರಾ?" ಅಂತ ಕೇಳಿ ತುಂಬಿಸಿ. ನಾಲೆಗೆ ನೀರು ಬಿಡುವ ಸುದ್ದಿ ಬಂದ ದಿನ ಬೋರಿನವರಿಗೆ ಸುಮ್ನೆ ಮೆಸೇಜ್ ಹೋಗುವುದು ತಪ್ಪುತ್ತದೆ. ಯಾವ ಎಐ ಅಂಕವೂ ಈ ಮೂರು ಜಾಗಕ್ಕೆ ಸಾಟಿಯಿಲ್ಲ.

ನಾಲ್ಕನೆಯದು ಏಜೆಂಟ್, ಅಂದರೆ ಗ್ರಾಹಕರ ಪ್ರಶ್ನೆಗೆ ತಾನೇ ಉತ್ತರ ಕೊಡುವುದು. ಅಂಗಡಿ ಎಷ್ಟು ಹೊತ್ತಿಗೆ ತೆಗೆಯುತ್ತದೆ, ಭಾನುವಾರ ರಜೆಯಾ, ಗಡಿಯಾರ ಕಂಬದಿಂದ ಹೇಗೆ ಬರಬೇಕು, ಇಂಥದ್ದಕ್ಕೆ ಬಿಡಿ. ಬೆಲೆ, ಚೌಕಾಸಿ, ದೂರು, ವಾಪಸಾತಿ ಇದಕ್ಕೆ ಬಿಡಬೇಡಿ. ಎಐ ಇಲ್ಲದ ರಿಯಾಯಿತಿಯನ್ನು ಇದೆ ಅಂತ ಧೈರ್ಯವಾಗಿ ಹೇಳಿಬಿಡಬಹುದು. ಆ ಮಾತು ಉಳಿಸಿಕೊಳ್ಳಬೇಕಾದವರು ನೀವು. ಒಳ್ಳೆಯ ಸಾಫ್ಟ್‌ವೇರ್‌ನಲ್ಲಿ ಯಾವ ಮಾತು ಬಂದರೆ ಮನುಷ್ಯರಿಗೆ ಒಪ್ಪಿಸಬೇಕು ಅಂತ ಹೇಳಿಡುವ ಜಾಗ ಇರುತ್ತದೆ. ಅದನ್ನು ಮೊದಲು ತುಂಬಿ.

ಒಪ್ಪಿಗೆ ಅನ್ನುವುದು ಈಗ ದಾಖಲೆ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳನ್ನು ಪಾಲಿಸುವುದಕ್ಕೆ ಅಲ್ಲಿಂದ 18 ತಿಂಗಳ ಸಮಯ ಕೊಟ್ಟಿದ್ದಾರೆ. ಯಾವ ಕೆಲಸಕ್ಕೆ ನಂಬರ್ ತೆಗೆದುಕೊಳ್ಳುತ್ತಿದ್ದೀರಿ ಅಂತ ಸರಳ ಭಾಷೆಯಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು, ಬೇಕಾದರೆ ಕನ್ನಡದಲ್ಲಿ ಓದುವ ಅವಕಾಶ ಇರಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ತೆಗೆದುಕೊಳ್ಳುವ ಹಾಗಿರಬೇಕು. ಮಾಹಿತಿ ಸೋರಿಕೆ ತಡೆಯುವ ಕ್ರಮ ತೆಗೆದುಕೊಳ್ಳದವರಿಗೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ದಾವಣಗೆರೆ ಶಿಕ್ಷಣದ ಊರು. ವಿದ್ಯಾನಗರದಿಂದ ಪಿ.ಜೆ. ಬಡಾವಣೆವರೆಗೆ ಕೋಚಿಂಗ್ ಸೆಂಟರ್‌ಗಳ ಬೋರ್ಡು ಕಾಣದ ರಸ್ತೆ ಕಡಿಮೆ. ಈ ಕಾನೂನಿನಲ್ಲಿ ಮಕ್ಕಳು ಅಂದರೆ 18 ತುಂಬದವರು. ಅಂದರೆ ಎಸ್ಸೆಸ್ಸೆಲ್ಸಿಯವರು, ಪಿಯುಸಿಯವರಲ್ಲಿ ಹೆಚ್ಚು ಪಾಲು ಎಲ್ಲ ಬಂದರು. ಅವರ ಮಾಹಿತಿ ಬಳಸುವುದಕ್ಕೆ ತಂದೆ ತಾಯಿಯ ಒಪ್ಪಿಗೆ ಬೇಕು, ಅವರನ್ನೇ ಗುರಿಯಿಟ್ಟು ಜಾಹೀರಾತು ತೋರಿಸುವ ಹಾಗಿಲ್ಲ. ಎಲ್ಲಿಂದಲೋ ಸಿಕ್ಕ ವಿದ್ಯಾರ್ಥಿಗಳ ನಂಬರ್ ಪಟ್ಟಿ ಕೊಂಡು ಸಿಇಟಿ, ನೀಟ್ ಬ್ಯಾಚ್‌ಗೆ ಸೇರಿ ಅಂತ ಸಾವಿರಗಟ್ಟಲೆ ಮೆಸೇಜ್ ಬಿಡುವುದು ನಮ್ಮಲ್ಲಿ ಮಾಮೂಲಾಗಿಬಿಟ್ಟಿದೆ. ಇದು ನಿಲ್ಲಲೇಬೇಕು. ಫಲಿತಾಂಶದ ದಿನ ಆತಂಕದಲ್ಲಿರುವ ಮಕ್ಕಳ ಫೋನಿಗೆ "ಕಡಿಮೆ ಅಂಕ ಬಂತಾ?" ಅಂತ ಕಳಿಸುವುದು ವ್ಯಾಪಾರ ಅಲ್ಲ.

ಸಾಫ್ಟ್‌ವೇರ್‌ಗಳು ಇದಕ್ಕೆ ತಯಾರಾಗುತ್ತಿವೆ. ಈಗ ಒಬ್ಬರ ಹೆಸರು ತೆಗೆದು ನೋಡಿದರೆ ಅವರು ಯಾವ ತಾರೀಕಿಗೆ, ಯಾವ ಫಾರಂ ಮೂಲಕ, ಯಾವ ಮಾತು ಓದಿ ಒಪ್ಪಿದರು ಅಂತ ಕಾಣುತ್ತದೆ. ಬಿಲ್‌ಗೆ ಒಪ್ಪಿಗೆ ಇದೆ, ಆಫರ್‌ಗೆ ಇಲ್ಲ ಅನ್ನುವುದನ್ನು ಬೇರೆ ಬೇರೆ ಇಡಬಹುದು. ಆಫರ್ ಬೇಡ ಅಂತ ವಾಟ್ಸಾಪ್‌ನಲ್ಲಿ ಬಟನ್ ಒತ್ತಿದರೆ ಎಸ್‌ಎಂಎಸ್ ಪಟ್ಟಿಯಿಂದಲೂ ತೆಗೆಯುವ ಹಾಗೆ ಹೊಂದಿಸಬಹುದು. ಇದು ಸಾಮಾನ್ಯವಾಗಿ ತಾನಾಗಿ ಆನ್ ಆಗಿರುವುದಿಲ್ಲ, ನೀವೇ ಹುಡುಕಿ ಆನ್ ಮಾಡಬೇಕು.

ಶುರು ಮಾಡುವ ಮುಂಚೆ

ಹಳೆಯ ಬಿಲ್ಲಿಂಗ್ ಕಂಪ್ಯೂಟರಿನಿಂದ ಪಟ್ಟಿ ತೆಗೆದರೆ ಒಬ್ಬರೇ ಗ್ರಾಹಕರು ಮೂರು ಹೆಸರಿನಲ್ಲಿರುತ್ತಾರೆ. ಊರಿನ ಜಾಗದಲ್ಲಿ ಒಬ್ಬರು ದಾವಣಗೆರೆ, ಇನ್ನೊಬ್ಬರು ದಾವಣಗೇರಿ, ಮತ್ತೊಬ್ಬರು ಡಿವಿಜಿ ಅಂತ ಹಾಕಿರುತ್ತಾರೆ. ಇಂಥದ್ದನ್ನು ಹಿಡಿದು ಸೇರಿಸಿ ಕೊಡುವ ಫೀಚರ್ ಈಗ ಹಲವು ಕಡೆ ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಮಾತ್ರ ನೋಡಿಕೊಳ್ಳಿ. ನಮ್ಮಲ್ಲಿ ಮನೆಗೆಲ್ಲ ಸೇರಿ ಒಂದೇ ನಂಬರ್ ಕೊಡುವವರು ಬೇಕಾದಷ್ಟು ಜನ. ಅತ್ತೆ, ಸೊಸೆ ಇಬ್ಬರದೂ ಒಂದೇ ನಂಬರ್ ಅಂತ ಇಬ್ಬರನ್ನೂ ಒಬ್ಬರನ್ನಾಗಿ ಮಾಡಿದರೆ, ಸೊಸೆ ಕೇಳಿದ್ದ ಸೀರೆಯ ಸುದ್ದಿ ಅತ್ತೆಯ ಹೆಸರಿಗೆ ಹೋಗುತ್ತದೆ. ಸೇರಿಸುವ ಮುಂಚೆ ಪಟ್ಟಿಯನ್ನು ಅಂಗಡಿಯ ಹಳೆಯ ಕೆಲಸಗಾರರ ಜೊತೆ ಕೂತು ಓದಿ. ಅವರಿಗೆ ಮುಖ ಗೊತ್ತಿರುತ್ತದೆ.

ಇನ್ನು ಕಂಪನಿಯವರು ಡೆಮೊ ತೋರಿಸುವುದಕ್ಕೆ ಬಂದಾಗ ಅವರು ತೋರಿಸುವುದನ್ನು ನೋಡಿ, ಆಮೇಲೆ ನಿಮಗೆ ಬೇಕಾದ್ದನ್ನು ಮಾಡಿಸಿ ನೋಡಿ. ಈ ನಂಬರಿಗೆ ಇವತ್ತು ಬಿಲ್ ಆಯಿತು, ನಾಳೆಯ ಆಫರ್ ನಿಲ್ಲುತ್ತದಾ ತೋರಿಸಿ ಅನ್ನಿ. ವಾರಕ್ಕೆ ಒಂದೇ ಅಂತ ಮಿತಿ ಎಲ್ಲಿ ಹಾಕುವುದು ಅಂತ ಕೇಳಿ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಜೊತೆ ತಾನಾಗಿ ಮಾತಾಡುತ್ತದಾ, ಇಲ್ಲಾ ದಿನವೂ ಎಕ್ಸೆಲ್ ಹಾಕಬೇಕಾ ಅಂತ ಕೇಳಿ. ದಿನವೂ ಹಾಕಬೇಕು ಅಂದರೆ ಎರಡನೇ ವಾರಕ್ಕೆ ಯಾರೂ ಹಾಕುವುದಿಲ್ಲ, ಆಮೇಲೆ ಮೇಲೆ ಹೇಳಿದ ಹೊರಹೋಗುವ ಷರತ್ತು ಯಾವುದೂ ನಡೆಯುವುದಿಲ್ಲ. ಮೆಟಾ ದರದ ಮೇಲೆ ಪ್ರತಿ ಮೆಸೇಜಿಗೆ ನೀವೆಷ್ಟು ಸೇರಿಸುತ್ತೀರಿ ಅಂತ ಬಾಯಿಮಾತಲ್ಲಿ ಬೇಡ, ಬರೆದುಕೊಡಿ ಅನ್ನಿ. ಫೋನಿನ ಆ್ಯಪ್ ಉಳಿಸಿಕೊಂಡೇ ಜೋಡಿಸುತ್ತೀರಾ ಅಂತ ಕೇಳಿ. ಮುಂದಿನ ವರ್ಷ ನಾವು ಬೇರೆಯವರ ಹತ್ತಿರ ಹೋದರೆ ವಾಟ್ಸಾಪ್ ನಂಬರ್ ನಮ್ಮ ಹೆಸರಿನಲ್ಲೇ ಇರುತ್ತದಾ, ಗ್ರಾಹಕರ ಪಟ್ಟಿಯ ಜೊತೆ ಯಾರು ಯಾವಾಗ ಒಪ್ಪಿದರು ಅನ್ನುವ ದಾಖಲೆಯನ್ನೂ ಕೊಡುತ್ತೀರಾ ಅಂತ ಕೇಳಿ. ಈ ಕೊನೆಯದಕ್ಕೆ ನೇರ ಉತ್ತರ ಬರದಿದ್ದರೆ ಅಡ್ವಾನ್ಸ್ ಕೊಡಬೇಡಿ.